ಹತ್ತು ತಲೆಯ ಕೂಲಿ

ಕಲೆಗೆಂದು ಯಾರೂ ಬರುವುದಿಲ್ಲ ಮೊದಲ ದಿನ.
ಅನ್ನಕ್ಕೆ ಬರುತ್ತಾರೆ. ನನಗೆ ಗೊತ್ತು,
ಸೌಟು ನನ್ನ ಕೈಯಲ್ಲಿದೆ.

ರುಮ್‌ಡುಲ್ ಬಂದಾಗ ಹೆಗಲಲ್ಲಿ ಖಾಲಿ ಡಬ್ಬಗಳ ಚೀಲ,
ಸಿಯೆಮ್ ರೀಪಿನ ಹೋಟೆಲುಗಳ ಹಿತ್ತಿಲಲ್ಲಿ ಆಯ್ದದ್ದು.
ಮೂರು ತಟ್ಟೆ ಉಂಡಳು. ನಾಲ್ಕನೆಯದನ್ನು
ತಮ್ಮನಿಗೆಂದು ಬಾಳೆಲೆಯಲ್ಲಿ ಕಟ್ಟಿಕೊಂಡಳು.
ತೊಗಲಿನ ವಾಸನೆಗೆ ಮೂಗು ಮುಚ್ಚಿ ಓಡಿದಳು.
ಮರುದಿನ ಬಂದಳು.

ತಾ ಚಿಯೆನ್ ಏನೂ ಕೇಳಲಿಲ್ಲ.
ತೊಗಟೆಯ ಕೆಂಪು ನೀರಲ್ಲಿ ಹಸುವಿನ ಚರ್ಮ ನೆನೆಯುತ್ತಿತ್ತು.
ಅವಳ ಕೈಗೊಂದು ಉಳಿ, ಹಳೆಯದೊಂದು ತುಂಡು:
"ತೂತು ಮಾಡು."
ಎಷ್ಟು?
"ಬೇಜಾರಾಗುವವರೆಗೆ."
ಮಳೆಗಾಲ ಮುಗಿಯಿತು, ಅವಳಿಗಿನ್ನೂ ಬೇಜಾರಾಗಿಲ್ಲ.

ಬ್ಯಾಂಕಿನವರು ದೀಪ ಕೊಟ್ಟರು, ಬಿಳಿ ಬೆಳಕಿನ ಎಂಟು ದೀಪ,
ಜೊತೆಗೆ ತಮ್ಮ ಹೆಸರಿನ ಹಲಗೆ, ದೀಪಗಳಿಗಿಂತ ದೊಡ್ಡದು.
ಫೋಟೋಕ್ಕೆ ಮಕ್ಕಳು ನಗಬೇಕಿತ್ತು; ನಕ್ಕರು.
ಕಾರು ತಿರುವು ದಾಟಿದ ಮೇಲೆ ತಾ ಚಿಯೆನ್
ಎಂದಿನಂತೆ ತೆಂಗಿನ ಚಿಪ್ಪಿಗೆ ಬೆಂಕಿ ಹಚ್ಚಿದರು.
ಈ ದೀಪಕ್ಕೆ ಉಸಿರಿಲ್ಲ, ನೆರಳು ನಿಂತಲ್ಲೇ ನಿಲ್ಲುತ್ತದೆ, ಎಂದರು.
ಎಂಟೂ ಈಗ ನನ್ನ ಅಡುಗೆಮನೆಯಲ್ಲಿವೆ.
ಅಕ್ಕಿಯಲ್ಲಿನ ಕಲ್ಲು ಚೆನ್ನಾಗಿ ಕಾಣುತ್ತದೆ.
ಸುಳ್ಳೇಕೆ, ಪುಣ್ಯ ಬರಲಿ ಅವರಿಗೆ.

ತೊಗಲಿನ ದುಡ್ಡು ಬರುವುದು ಬೇರೆ ಕಡೆಯಿಂದ:
ಒಸಾಕದ ಒಬ್ಬ ಕ್ಷೌರಿಕ, ನಾವ್ಯಾರೂ ಮುಖ ಕಂಡಿಲ್ಲ.
ಹತ್ತು ಜನ ಹಳೆಯ ಗಿರಾಕಿಗಳ ಕೂಲಿಯನ್ನು
ತಿಂಗಳು ತಿಂಗಳೂ ಇಲ್ಲಿಗೆಂದು ತೆಗೆದಿಡುತ್ತಾನಂತೆ.
ಹತ್ತು ತಲೆಗೆ ಒಂದು ತೊಗಲು. ಲೆಕ್ಕ ಸರಿ.

ಈ ಸಲ ಕಡಿಮೆ ಬಂತು, ಒಂದು ಚೀಟಿಯ ಜೊತೆ:
"ಒಂಬತ್ತೇ. ಒಬ್ಬರು ತೀರಿಕೊಂಡರು.
ಅವರ ಜಾಗದಲ್ಲಿ ಇನ್ನೊಬ್ಬರನ್ನು ಎಣಿಸಲು
ಮನಸ್ಸಾಗಲಿಲ್ಲ. ಕ್ಷಮಿಸಿ."

ತಾ ಚಿಯೆನ್ ಅದನ್ನು ಎರಡು ಸಲ ಓದಿಸಿಕೊಂಡರು.
ಕೊರತೆಗೆ ನಾನು ಮೀನಿನ ದುಡ್ಡು ಹಾಕಿದೆ;
ಎರಡು ದಿನ ಬರೀ ಸೊಪ್ಪಿನ ಸಾರು,
ಮೀನೆಲ್ಲಿ ಎಂದು ಯಾರೂ ಕೇಳಲಿಲ್ಲ.

ಆ ತೊಗಲಿನಲ್ಲಿ ರುಮ್‌ಡುಲ್ ಕೊರೆದಳು
ಹತ್ತು ತಲೆಯ ಅರಸನನ್ನು.
ಚಿಪ್ಪಿನ ಬೆಂಕಿ ಎದ್ದಾಗ ಬಿಳಿ ಬಟ್ಟೆಯ ಮೇಲೆ
ಒಂಬತ್ತು ತಲೆಗೂ ಕಿರೀಟ, ಕೋರೆಹಲ್ಲು, ತೆರೆದ ಕಣ್ಣು.
ಹತ್ತನೆಯದು, ಎಡಗಡೆಯ ಕೊನೆಯದು,
ಕಣ್ಣು ಮುಚ್ಚಿತ್ತು. ಕಿರೀಟವಿಲ್ಲ.
ಕೂದಲು ಮಾತ್ರ
ಈಗಷ್ಟೇ ಕತ್ತರಿಸಿ, ಒದ್ದೆ ಮಾಡಿ, ಬಾಚಿದಂತೆ.

ತಪ್ಪು ಎಂದು ತಾ ಚಿಯೆನ್ ಹೇಳಬೇಕಿತ್ತು.
ನಾನು ಸೌಟು ಹಿಡಿದು ಬಾಗಿಲಲ್ಲೇ ನಿಂತೆ.
ಅವರು ಇನ್ನೊಂದು ಚಿಪ್ಪು ಬೆಂಕಿಗೆ ಹಾಕಿದರು.