ಕ್ರಿಯಾಪದ ಮೊದಲು

ಪುಯೆರ್ತೊ ವಿಲಿಯಮ್ಸ್‌ನಲ್ಲಿ ಗಾಳಿ ಎದ್ದ ದಿನ
ಚಿತ್ರಗಳು ಬರುವುದಿಲ್ಲ.
ಉಪಗ್ರಹದಿಂದ ಇಳಿಬಿಟ್ಟ ದಾರ ಅಷ್ಟು ಸಣ್ಣದು.
ಕಿಟಕಿ ಅರ್ಧ ತೆರೆದು ಬೂದಿಯಾಗಿ ನಿಲ್ಲುತ್ತದೆ,
ಚಕ್ರ ಸುತ್ತುತ್ತಲೇ ಇರುತ್ತದೆ,
ಎದೆಲ್‌ಮೀರಾಳ ಚಹಾ ಆರುತ್ತದೆ.

"ಚಿತ್ರಕ್ಕೆ ದೋಣಿ ಬೇಕು, ಅಕ್ಷರ ಈಜಿಕೊಂಡು ಬರುತ್ತೆ"
ಎಂದಳು ಯಸ್ನಾ, ಪುಂತಾ ಅರೇನಾಸ್‌ನಿಂದ
ಮೂವತ್ತು ಗಂಟೆ ಹಡಗಿನಲ್ಲಿ ತೂಗಿಸಿಕೊಂಡು ಬಂದವಳು,
ನೆಲ ಇನ್ನೂ ಓಲಾಡುತ್ತಿದೆಯೇನೋ ಎಂಬಂತೆ
ಮೇಜು ಹಿಡಿದುಕೊಂಡೇ.
ಮೌಸಿನ ತಂತಿ ಕಿತ್ತು ಡ್ರಾಯರಿಗೆ ಹಾಕಿದಳು.

ಕಪ್ಪು ಪರದೆ. ಮಿನುಗುವ ಒಂದು ಗೆರೆ.
"ಏನು ಕೇಳುತ್ತಿದೆ ಇದು?"
"ಏನೂ ಇಲ್ಲ. ನೀವೇ ಹೇಳಬೇಕು."
ಆಜ್ಞೆ ಕೊಟ್ಟು ಅಭ್ಯಾಸವಿಲ್ಲದ ಅರವತ್ತರ ಗುಮಾಸ್ತೆ
ಮೊದಲು ಟೈಪು ಮಾಡಿದ್ದು: ದಯವಿಟ್ಟು.
ಅಂಥ ಆಜ್ಞೆ ಇಲ್ಲ, ಎಂದಿತು ಪರದೆ.

ಇಲ್ಲಿ ನನ್ನದೊಂದು ಮಾತು.
ನನ್ನ ನುಡಿಯಲ್ಲಿ ಕ್ರಿಯಾಪದ ಕೊನೆಗೆ ಹತ್ತುತ್ತದೆ,
ಯಾರು, ಯಾವುದನ್ನು, ಎಲ್ಲಿಂದ, ಎಲ್ಲಿಗೆ
ಎಲ್ಲರೂ ಕೂತಾದ ಮೇಲೆ
ರೈಟ್ ಎನ್ನುವ ಕಂಡಕ್ಟರಿನ ಹಾಗೆ.
ಮೌಸೂ ಒಂದು ಬಗೆಯಲ್ಲಿ ಕನ್ನಡವನ್ನೇ ಆಡುತ್ತಿತ್ತು:
ಮೊದಲು ಕಡತ ಹಿಡಿ,
ಏನು ಮಾಡುವುದೆಂದು ಆಮೇಲೆ ನೋಡು.
ಈ ಕರಿಪರದೆಗೋ ಕ್ರಿಯೆಯೇ ಮೊದಲು.
ಅಳಿಸು
ಎಂದಾದ ಮೇಲೆ ಏನನ್ನು ಎಂದು ಹುಡುಕಬೇಕು.
ನಡುವೆ ಒಂದು ಖಾಲಿ ಜಾಗವಿದೆಯಲ್ಲ,
ಉಗುರಿನಷ್ಟು,
ಎದೆಲ್‌ಮೀರಾ ಎಡವಿದ್ದು ಅಂಥದರಲ್ಲೇ.

ನಕಲುಗಳನ್ನಷ್ಟೇ ತೆಗೆಯಲು ಹೊರಟವಳು
ಹೆಸರಿನ ಬೆನ್ನಿಗೆ ಅಂಟಬೇಕಿದ್ದ ನಕ್ಷತ್ರಕ್ಕೆ ಮುಂಚೆ
ಒಂದು ಸ್ಪೇಸ್ ಹೆಚ್ಚಿಗೆ ಒತ್ತಿದಳು.
ಎಂಬತ್ತೇಳರ ಸೆಪ್ಟೆಂಬರ್ ಹೋಯಿತು.
ಮೂವತ್ತು ದಿನ, ದಿನಕ್ಕೆ ಇಪ್ಪತ್ತನಾಲ್ಕು ಸಲ
ಅಳೆದ ಕಡಲ ಎತ್ತರ.
ಪರದೆ ಏನೂ ಅನ್ನಲಿಲ್ಲ. ಕೆಲಸ ಆದರೆ ಅದು ಮಾತಾಡುವುದಿಲ್ಲ,
ಕೆಟ್ಟರೆ ಮಾತ್ರ ಗೊಣಗುತ್ತದೆ;
ಏಡಿ ಹಿಡಿಯುತ್ತಿದ್ದ ಅವಳಪ್ಪ ರೆಮಿಹಿಯೊನೂ ಹೀಗೇ.

"ಬುಟ್ಟಿಯಿಂದ ವಾಪಸ್ಸು ತೆಗಿ."
"ಬುಟ್ಟಿ ಇಲ್ಲ."
ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು.
ಆ ದ್ವೀಪದಲ್ಲಿ ಈ ಗಾದೆ ಯಾರಿಗೂ ಗೊತ್ತಿರಲಿಲ್ಲ;
ಇಬ್ಬರೂ ಅದನ್ನೇ ನೋಡುತ್ತ ಕೂತರು.

ಆಮೇಲೆ ಕಪಾಟು. ಹಸಿರು ರಟ್ಟಿನ ಪುಸ್ತಕ,
ಸೀಮೆಎಣ್ಣೆಯ ವಾಸನೆ,
ಇಪ್ಪತ್ತೆರಡರ ವಯಸ್ಸಿನ ತನ್ನದೇ ನೀಲಿ ಅಕ್ಷರ.
ಬಾಣದ ಗುರುತು, ಕಡತದ ಹೆಸರು, ಎಂಟರ್,
ಇನ್ನು ಸಾಲಿಗೆ ಸಾಲು: ತಾರೀಖು, ಗಂಟೆ, ನೀರು.
ಮೂರನೇ ದಿನಕ್ಕೆ ಬೆರಳುಗಳಿಗೆ ದಾರಿ ಗೊತ್ತಾಗಿತ್ತು.
ಅರ್ಧ ಹೆಸರು ಹೇಳಿ ಟ್ಯಾಬ್ ಒತ್ತಿದರೆ
ಉಳಿದರ್ಧ ಅದೇ ಹೇಳುತ್ತದೆ.
ಮೇಲ್ಬಾಣ ಒತ್ತಿದರೆ ಹಿಂದಿನ ಆಜ್ಞೆಗಳು ಒಂದೊಂದಾಗಿ ಬರುತ್ತವೆ,
ಆ ತಪ್ಪೂ, ನಕ್ಷತ್ರ ಸಮೇತ.

ಹನ್ನೆರಡನೇ ತಾರೀಖು. ಬೆಳಗಿನ ಜಾವ ಮೂರು, ನಾಲ್ಕು, ಐದು.
1.32
1.21
1.10
ಬೆರಳು ನಿಂತಿತು.
ಕಡಲು ಇಷ್ಟು ಅಚ್ಚುಕಟ್ಟಲ್ಲ.
ಆಲಿಕಲ್ಲು, ಮೆಟ್ಟಿಲ ತುಂಬ ಮಂಜುಗಡ್ಡೆ, ಲಾಟೀನು ಆರಿತ್ತು,
ಅವಳು ಕೆಳಗೆ ಹೋಗಿರಲಿಲ್ಲ.
ಒಲೆಯ ಪಕ್ಕ ಕೂತೇ ಇಳಿಸಿದ ನೀರು ಇದು.
ನಕ್ಷೆಯಲ್ಲಿ ಆ ಇಳಿಜಾರು ಎಷ್ಟು ಚೆಂದ ಕಾಣುತ್ತಿತ್ತೆಂದರೆ
ವಾಲ್ಪರೈಸೊದಲ್ಲಿ ಯಾರೋ ಗೋಡೆಗೆ ಅಂಟಿಸಿಕೊಂಡಿದ್ದರು.

"ಅಳೆಯದೇ ಇದ್ದದ್ದಕ್ಕೆ ಏನು ಬರೆಯುವುದು?"
"ನಾಲ್ಕು ಒಂಬತ್ತು," ಎಂದಳು ಯಸ್ನಾ
ತಲೆ ಎತ್ತದೆ, ಬ್ರೆಡ್ಡು ಕತ್ತರಿಸುತ್ತ.
9999
9999
9999
ಪರದೆ ಏನೂ ಅನ್ನಲಿಲ್ಲ.

ಈಗ ಅಳತೆಯನ್ನು ಯಂತ್ರವೇ ಮಾಡುತ್ತದೆ, ಆರು ನಿಮಿಷಕ್ಕೊಮ್ಮೆ.
ಆದರೂ ಎದೆಲ್‌ಮೀರಾ ಕೋಟು ಹಾಕಿಕೊಂಡಳು,
ಟಾರ್ಚಿಗಾಗಿ ತಡಕಾಡಿದಳು,
ಆರು ಗಂಟೆಯದು ನೋಡಿ ಬರುತ್ತೇನೆ ಎಂದಳು.