ಆಕಾಶ ರಿಪೇರಿ

ಬಿ.ಎಂ. ರಸ್ತೆಯ ಹೊಸ ಹೋಟೆಲಿನ ಲಾಬಿಯಲ್ಲಿ
ತಲೆಯೆತ್ತಿದರೆ ಡ್ರ್ಯಾಗನ್ ಕಾಣಬೇಕೆಂದರು ಕಾಳೇಗೌಡರು.
ಮೊಬೈಲಿನಲ್ಲಿ ನೋಡಿದೆ. ಜಿಂಕೆಯ ಕೊಂಬು, ಒಂಟೆಯ ಮೋರೆ,
ಮೀನಿನ ಹುರುಪೆ, ಹದ್ದಿನ ಉಗುರು.
ಹಳೇಬೀಡಿನ ಗೋಡೆಯ ಮಕರವೂ ಹೀಗೆಯೇ ಅಲ್ಲವೇ,
ಆನೆಯಿಂದ ಸೊಂಡಿಲು, ಹಂದಿಯಿಂದ ಕಿವಿ, ನವಿಲಿಂದ ಬಾಲ,
ನೆರೆಮನೆಗಳಲ್ಲಿ ಕಡ ತಂದು ಹೂಡಿದ ಸಂಸಾರ.
ಆಗುತ್ತೆ ಗೌಡರೇ, ಅಂದೆ.
ಅಡ್ವಾನ್ಸು ಐದು ಸಾವಿರ.

ಡಿಸೈನಿನ ಮೃದುಲಾ ಮೇಡಂ
ಕಥೆಯಿಲ್ಲದೆ ಗೆರೆ ಎಳೆಯುವವರಲ್ಲ.
"ಇದು ಬೆಂಕಿ ಉಗುಳುವ ಜಾತಿಯಲ್ಲ, ಜಬೀವುಲ್ಲಾ,
ಮೋಡದ್ದು, ಹೊಳೆಯದ್ದು, ಮಳೆ ತರುವ ಕುಲ."
ಬಾಯೊಳಗೆ ಗೌಡರು ಹಾಕಿಸಿದ್ದ ಕೆಂಪು ಲೈಟು ಕೀಳಿಸಿ
ಗಲ್ಲದ ಕೆಳಗೆ ಮುತ್ತು ಇಡಿಸಿದರು:
ಒಂಬತ್ತು ವ್ಯಾಟಿನ ಬಲ್ಬು.
"ಕಾಲಿಗೆ ನಾಲ್ಕೇ ಬೆರಳು. ಐದಿದ್ದರೆ ಅದು ಚಕ್ರವರ್ತಿಯದು."
ಗೌಡರು ಎದೆ ಸೆಟೆಸಿದರು: "ನಾವೇನು ಕಮ್ಮಿ? ಐದು ಹಾಕು."
ಹಾಕಿದೆ.

ರಿಸೆಪ್ಷನ್ನಿನ ಹಿಂದೆ ಚಂದ್ರ. ಅದರೊಳಗೆ ಮೊಲ.
ಅದೊಂದಕ್ಕೆ ಮಾತ್ರ ನಾನು ಫೋಟೊ ಕೇಳಲಿಲ್ಲ;
ನಮ್ಮ ಮೊಹಲ್ಲಾದ ಮೇಲೆ ಬರುವ ಚಂದ್ರನಲ್ಲೂ ಅದೇ ಮೊಲ.
ಆದರೆ ಅವರ ಮೊಲಕ್ಕೆ ಕೈತುಂಬ ಕೆಲಸ,
ಸಾವಿಲ್ಲದ ಔಷಧಿಯನ್ನು ಒರಳಲ್ಲಿ ಕುಟ್ಟುತ್ತಲೇ ಇರುತ್ತದಂತೆ.
ಅಪ್ಪ ನೆನಪಾದ. ಸುಣ್ಣ, ಬೆಲ್ಲದ ನೀರು, ಅಳಲೆಕಾಯಿ,
ದಿನವಿಡೀ ಗಾರೆ ಕುಟ್ಟುತ್ತಿದ್ದ.
ಗೋಡೆಗಳು ಉಳಿದವು.

ಓಪನಿಂಗಿನ ಹಿಂದಿನ ರಾತ್ರಿ
ಮುನ್ನೂರ ನಾಲ್ಕರ ಬಚ್ಚಲ ಪೈಪು ಬಿಟ್ಟುಕೊಂಡು
ಡ್ರ್ಯಾಗನ್ನಿನ ಹೊಟ್ಟೆ ಉಬ್ಬಿ, ಬಾಯಿಂದ ತೊಟತೊಟ.
ಅಡುಗೆಯ ಪಾಸಾಂಗ್,
ಎಲ್ಲರೂ ಚೀನಾದವನೆಂದುಕೊಂಡ ಕಾಲಿಂಪಾಂಗಿನ ಹುಡುಗ,
ಬಕೆಟ್ಟು ಇಟ್ಟು ಕೈಮುಗಿದ:
"ಮಳೆ ಬಂತು ಮೇಸ್ತ್ರಿ, ನಿಮ್ಮ ಕೆಲಸ ಪಾಸು."

ರಾತ್ರಿ ಎರಡು. ಅಟ್ಟಣಿಗೆಯ ಮೇಲೆ ನಾನು,
ಕೆಳಗೆ ಟಾರ್ಚು ಹಿಡಿದು ಮೇಡಂ.
ನಿದ್ದೆ ಹತ್ತದಿರಲೆಂದು ನ್ಯೂವಾ ಎಂಬವಳ ಕಥೆ.
ಹಳದಿ ಮಣ್ಣಿಂದ ಮನುಷ್ಯರನ್ನು ಒಬ್ಬೊಬ್ಬರಾಗಿ ತಿದ್ದಿದಳು,
ಕೈ ಸೋತಿತು, ಹಗ್ಗವನ್ನು ಕೆಸರಲ್ಲಿ ಅದ್ದಿ ಬೀಸಿದಳು,
ಸಿಡಿದ ಹನಿಗಳೆಲ್ಲ ಬಡಬಗ್ಗರು.
ನನ್ನ ಅಂಗಿಯ ಮೇಲಿನ ಚುಕ್ಕಿಗಳನ್ನು ನೋಡಿಕೊಂಡೆ.
ಒಮ್ಮೆ ಆಕಾಶ ಒಡೆಯಿತಂತೆ.
ಐದು ಬಣ್ಣದ ಕಲ್ಲು ಕರಗಿಸಿ ತೇಪೆ ಹಾಕಿದಳು,
ಆಮೆಯ ನಾಲ್ಕು ಕಾಲು ಕಡಿದು ಕಂಬ ಕೊಟ್ಟಳು.
"ಪಾಪ ಆಮೆ," ಅಂದೆ. "ಈ ಕಡೆಯವರು
ಬೆನ್ನ ಮೇಲೆ ಹೇರಿದರು, ಕಾಲನ್ನಾದರೂ ಬಿಟ್ಟರು."
ಮೇಡಂ ನಕ್ಕಾಗ ಬೆಳಕು ಅಲ್ಲಾಡಿತು.

ಐದು ಬಣ್ಣ ಎಲ್ಲಿಂದ ತರಲಿ?
ಜಿಪ್ಸಮ್ಮು ಬಿಳಿ. ರೆಡ್ ಆಕ್ಸೈಡ್ ಇತ್ತು.
ಅಡುಗೆಮನೆಯಿಂದ ಅರಿಸಿನ, ಲಾಂಡ್ರಿಯಿಂದ ನೀಲಿ.
ಕಪ್ಪಿಗೆ, ಬಾಗಿಲ ಗಣಪತಿಯನ್ನು ಕೆತ್ತಿ ಹೋದವರು
ಮೂಲೆಯಲ್ಲಿ ಗುಡಿಸಿಟ್ಟ ಬಳಪದ ಕಲ್ಲಿನ ಪುಡಿ.
ಕಲಸಿದರೆ ಬಂದದ್ದು ಒಂದು ಮಾಸಲು ಬೂದು,
ಆಷಾಢದಲ್ಲಿ ಹಾಸನದ ನೆತ್ತಿಯ ಮೇಲಿರುತ್ತದಲ್ಲ, ಅದೇ.
ಮೆತ್ತಿದೆ. ಮೇಲೆ ಬಿಳಿ ಬಳಿದೆ.

ಬಿಲ್ಲಿನಲ್ಲಿ "ಆಕಾಶ ರಿಪೇರಿ, ಸಾವಿರದ ಎಂಟುನೂರು" ಎಂದು ಬರೆದಿದ್ದೆ.
ಗೌಡರು ಕನ್ನಡಕ ಏರಿಸಿ ಅದನ್ನು ಹೊಡೆದುಹಾಕಿದರು,
"ಸೀಲಿಂಗ್" ಎಂದು ತಿದ್ದಿ ಮುನ್ನೂರು ಮುರಿದುಕೊಂಡರು.

ಒಂದು ಮಾತು ನಾನೂ ಹೇಳಲಿಲ್ಲ.
ನೀರಿಗೆ ನೆಂದು ಕಳಚಿದ ಮುಂಗಾಲಿನ ಐದನೆಯ ಬೆರಳು
ಮತ್ತೆ ಮೇಲೆ ಹೋಗಿಲ್ಲ.
ಪೆನ್ಷನ್ ಮೊಹಲ್ಲಾದ ನಮ್ಮ ಗಲ್ಲಿಯಲ್ಲಿ
ಮಗಳು ತಸ್ಮಿಯಾ ಅದರಿಂದ ಕುಂಟೆಬಿಲ್ಲೆಯ ಮನೆ ಬರೆಯುತ್ತಾಳೆ.
ಚಕ್ರವರ್ತಿಯ ಬೆರಳು ದಿನದಿನಕ್ಕೆ ಸವೆಯುತ್ತಿದೆ.
ಮೂರನೆಯ ಮನೆ ಸ್ವಲ್ಪ ಸೊಟ್ಟ.