ಮಂಜುಗಡ್ಡೆಯ ದಾರಿಗೆ ನಿಯಮಗಳು

ಈ ವರ್ಷ ಕಡಲು ಗಟ್ಟಿಯಾಗಿದೆ.
ಏಳು ಚಳಿಗಾಲ ಕಳೆದ ಮೇಲೆ ದಾರಿ ತೆರೆದಿದ್ದಾರೆ,
ಹಿಯುಮಾ ದ್ವೀಪದಿಂದ ಆಚೆ ನೆಲದವರೆಗೆ,
ಎರಡೂ ಬದಿಗೆ ಜುನಿಪರ್ ಕೊಂಬೆ ನೆಟ್ಟು.

ಗೇಟಿನ ಹುಡುಗಿ ತುಪ್ಪಳದ ಟೋಪಿಯೊಳಗಿಂದ
ಮಗ್ಗಿ ಒಪ್ಪಿಸುವ ಹಾಗೆ ಒಪ್ಪಿಸುತ್ತಾಳೆ:
ಬೆಲ್ಟ್ ಹಾಕಬೇಡಿ.
ಬಾಗಿಲಿಗೆ ಲಾಕ್ ಬೇಡ.
ಮುಂದಿನ ಗಾಡಿಗೂ ನಿಮಗೂ ಮುನ್ನೂರು ಮೀಟರು ಇರಲಿ.
ತೀರಾ ನಿಧಾನವಾದರೂ ಸರಿ, ಜೋರಾದರೂ ಸರಿ,
ನಡುವಿನ ವೇಗ ಮಾತ್ರ ಬೇಡ,
ಅಡಿಯಲ್ಲಿ ಅಲೆ ಎದ್ದು ಗಡ್ಡೆ ಸೀಳುತ್ತದೆ.
ಎಲ್ಲೂ ನಿಲ್ಲಬೇಡಿ.

ಏನಾರ್ ತಲೆಯಾಡಿಸಿದ.
ನಾನು ಬೆಲ್ಟ್ ಬಿಚ್ಚಿದೆ.
ಕ್ಲಿಕ್ಕೆಂದ ಸದ್ದು ಬಹಳ ಹೊತ್ತು
ನಮ್ಮ ನಡುವೆ ಕೂತೇ ಇತ್ತು, ಮೂರನೆಯವನ ಹಾಗೆ.

ಹಿಂದಿನ ಸೀಟಿನಲ್ಲಿ ಅವನ ಮೈಕು, ತಂತಿಯ ಸುರುಳಿ,
ಹೊಗೆ ಹಾಕಿದ ಮೀನಿನ ಪೊಟ್ಟಣ,
ಮನೆಯ ಪತ್ರಗಳಿರುವ ನೀಲಿ ಕಡತ.
ಹನ್ನೊಂದಕ್ಕೆ ನೋಟರಿ.
ಮನೆ ಅವನಿಗೆ, ದೋಣಿ ನನಗೆ.
ಬೆಕ್ಕಿನ ಮಾತು ಇಬ್ಬರೂ ಎತ್ತಿಲ್ಲ.

ಸದ್ದು ಹಿಡಿಯುವುದು ಅವನ ಕಸುಬು.
ಸಿನಿಮಾದ ಶೂಟಿಂಗ್ ಮುಗಿದ ಮೇಲೆ
ನಟರು, ದೀಪದವರು, ಚಹಾದವನು
ಎಲ್ಲರನ್ನೂ ಕದಲದಂತೆ ನಿಲ್ಲಿಸಿ
ಆ ಕೋಣೆಯ ಬರಿಯ ಮೌನವನ್ನು
ಅರ್ಧ ನಿಮಿಷ ತುಂಬಿಕೊಳ್ಳುತ್ತಾನೆ.
ಒಂದೊಂದು ಕೋಣೆಗೆ ಒಂದೊಂದು ಮೌನವಂತೆ.
ಒಂದರದ್ದನ್ನು ಇನ್ನೊಂದಕ್ಕೆ ತೇಪೆ ಹಾಕಿದರೆ
ಕಿವಿ ಕಂಡುಹಿಡಿಯುತ್ತದಂತೆ.
ಇಪ್ಪತ್ತೊಂದು ವರ್ಷದ ಹಿಂದೆ, ಬಂದರಿನ ಹೋಟೆಲಿನಲ್ಲಿ,
ಇಷ್ಟು ಕೇಳಿಯೇ ನಾನು ಸೋತದ್ದು.

ಈಗ ನಮ್ಮ ಅಡುಗೆಮನೆಯ ಮೌನ ಅವನಿಗೆ ಕೇಳಿಸುವುದಿಲ್ಲ.
ಅಥವಾ ಕೇಳಿಸುತ್ತದೆ,
ಅದಕ್ಕೇ ಊಟಕ್ಕೆ ಕೂತಾಗಲೂ ಹೆಡ್‌ಫೋನು.
ಮಾತು ಬಲ್ಲವನಿಗೆ ಜಗಳವಿಲ್ಲ, ನಿಜ.
ಮಾತು ಬಿಟ್ಟವರಿಗೂ ಇಲ್ಲ.

ಅವನ ತಾಯಿ ಸಾಯುವವರೆಗೂ
ನನ್ನನ್ನು ಬಾಡಿಗೆಯವನು ಎಂದೇ ಕರೆದಳು.
ಪ್ರತಿ ಕ್ರಿಸ್ಮಸ್ಸಿಗೆ ಮಗನಿಗೂ ಬಾಡಿಗೆಯವನಿಗೂ
ಒಂದೇ ಉಂಡೆ ಉಣ್ಣೆಯಲ್ಲಿ,
ಒಂದೇ ಅಳತೆಯಲ್ಲಿ, ಕೈಗವಸು ಹೆಣೆದಳು.

ಕಾನೂನು ಬಂದ ಜನವರಿಯಲ್ಲಿ ನಾನು ಕೇಳಿದೆ.
ಹೂವು ಗೀವು ಏನೂ ಇರಲಿಲ್ಲ,
ಅವನು ಆಲೂಗಡ್ಡೆ ಹೆರೆಯುತ್ತಿದ್ದ.
'ಈಗ ಯಾಕೆ ತರ್ವೊ, ಎಲ್ಲರಿಗೂ ಗೊತ್ತೇ ಇದೆಯಲ್ಲ.'
ಸಿಪ್ಪೆ ಎಲ್ಲೂ ಕಡಿಯದೆ ಉದ್ದಕ್ಕೆ ಇಳಿಯುತ್ತಿತ್ತು.
ನಾನು ಅದನ್ನೇ ನೋಡಿದೆ,
ಬುಟ್ಟಿ ಸೇರುವ ತನಕ.

ಗೊತ್ತಿತ್ತು, ಹೌದು, ಅಂಚೆಯವಳಿಗೆ, ಪಾದ್ರಿಗೆ,
ಪೆಟ್ರೋಲ್ ಬಂಕಿನ ಹುಡುಗನಿಗೆ ಕೂಡ.
ಎಲ್ಲರಿಗೂ ಗೊತ್ತಿದ್ದದ್ದನ್ನು
ಅವನ ಬಾಯಲ್ಲಿ ಒಮ್ಮೆ ಕೇಳಬೇಕಿತ್ತು.

ದಾರಿಯ ನಟ್ಟನಡುವೆ, ಎರಡೂ ದಡ ಕಾಣದ ಕಡೆ,
ಅವನು ನಿಧಾನಿಸಿದ.
ಬೇಡವೆಂದ ವೇಗಕ್ಕೆ ಇಳಿದ. ನಿಲ್ಲಿಸಿದ.
ಗಡ್ಡೆಯ ಮೇಲೆ ಮೊಣಕಾಲೂರಿ ಮೈಕು ಇಟ್ಟ.
'ಒಂದು ನಿಮಿಷ. ಕದಲಬೇಡ.'

ಹೆಡ್‌ಫೋನಿನ ಒಂದು ಕಿವಿ ನನಗೆ ಕೊಟ್ಟ.
ಕೆಳಗೆ, ಬಹಳ ಕೆಳಗೆ,
ಯಾರೋ ಬಿಗಿದ ತಂತಿಗೆ ಬೆರಳು ತಾಗಿಸಿ
ತೆಗೆದ ಹಾಗೆ.
ಆಮೇಲೆ ನೀರು.
ಆಮೇಲೆ ಅವನ ಉಸಿರೋ ನನ್ನದೋ.
ಕೆನ್ನೆ ಇಷ್ಟು ಹತ್ತಿರವಿದ್ದು ಎಷ್ಟು ದಿನವಾಗಿತ್ತು,
ಅವನ ಗಡ್ಡಕ್ಕೆ ಹಿಮ ಕಟ್ಟಿತ್ತು.
ಶೂಟಿಂಗ್ ಮುಗಿದ ಮೇಲೆ ಮಾಡುವ ಕೆಲಸ ಇದು
ಎಂದು ನನಗೆ ಗೊತ್ತಿಲ್ಲವೆ?

'ಬೆಕ್ಕು ಯಾರಿಗೆ?' ಎಂದೆ.

ಮಾಪಕದ ಮುಳ್ಳು ಹಾರಿಬಿತ್ತು.
ಕೆಟ್ಟಿತು ಎನ್ನಲಿಲ್ಲ ಅವನು, ಮತ್ತೆ ಎನ್ನಲಿಲ್ಲ,
ಯಂತ್ರ ನಿಲ್ಲಿಸಲೂ ಇಲ್ಲ.
ಮುಳ್ಳು ನನ್ನ ದನಿಯಿಂದ ಕೆಳಗಿಳಿಯುವುದನ್ನು
ಇಬ್ಬರೂ ಬಗ್ಗಿ ನೋಡಿದೆವು.

ಹಿಂದಿನಿಂದ ಮೀನಿನ ಲಾರಿಯವನು ಹಾರ್ನ್ ಒತ್ತಿ,
ಕಿಟಕಿ ಇಳಿಸಿ, ಬೈದು ದಾಟಿಹೋದ.
ಪಾದದಡಿ ಕಡಲು ಸ್ವಲ್ಪ ತೂಗಿತು.

ಹತ್ತೂ ನಲವತ್ತು.
ಕಾರು ಹೊರಟಾಗ ಕಂಡೆ,
ಗೇರಿನ ಮೇಲಿದ್ದ ಗವಸು ನನ್ನದು,
ಅವನದು ನನ್ನ ಕೈಯಲ್ಲಿ.
ಅಳತೆ ಒಂದೇ, ತಿಳಿಯುವುದಿಲ್ಲ,
ಹೆಬ್ಬೆರಳಿಗೆ ಹೋದ ವರ್ಷ
ನಾನೇ ಹಾಕಿದ ತೇಪೆ ಒಂದು ಇಲ್ಲದಿದ್ದರೆ.